ಮಂಜವ್ವನ ತೊಟ್ಟಿಲ ಹಗ್ಗ

ಅಕ್ಕಿಆಲೂರಿನ ಮಂಜವ್ವನಿಗೆ ಸಣ್ಣಂದಿನಲ್ಲೇ ಜ್ವರ ಬಂದು ಕಿವಿ ಹೋಗಿದ್ದವು. ಮಾತು ಉಳಿದಿತ್ತು, ಆಡುತ್ತಿದ್ದುದು ಕಡಿಮೆ. ಅತ್ತೆ ಕರೆವ್ವನಿಗೆ ಅದು ಅನುಕೂಲವೇ ಆಗಿತ್ತು. ಸೊಸೆಯನ್ನು ಎದುರಿಗೇ ಕೂಡಿಸಿಕೊಂಡು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಕೂಸು ಹುಟ್ಟಿದ ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಒಂದು ಮಾತನ್ನು ಮಾತ್ರ ಕೈಸನ್ನೆ ಮಾಡಿ ತಿಳಿಸಿದಳು: ಒಂದು ಸಲ ಕೂಸಿನ ಅಳು ಕೇಳದೆ ಹೋದರೂ ಅದನ್ನು ಮಾಸೂರಿನಲ್ಲಿದ್ದ ತನ್ನ ಮಗಳ ಮನೆಗೆ ಕಳಿಸಿಬಿಡುವುದು. ಕಿವುಡಿಯ ಕೈಯಲ್ಲಿ ಕೂಸು ಬದುಕೀತೇ ಎಂದು ಓಣಿಯೂ ತಲೆ ಆಡಿಸಿತು. ತಲೆ ಆಡಿಸಲು ಓಣಿಗೇನು ಖರ್ಚು?

ಕರೆವ್ವ ಆ ದಿನಕ್ಕಾಗಿ ಕಾದಳು. ಬರಲಿಲ್ಲ. ಪಡಸಾಲೆಯ ತೊಟ್ಟಿಲಲ್ಲಿ ಕೂಸು ಅತ್ತರೆ ಹಿತ್ತಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಮಂಜವ್ವ ಮೊರ ಇಟ್ಟು ಓಡಿ ಬರುತ್ತಿದ್ದಳು. ಪ್ರತಿ ಸಲವೂ.

ಕರೆವ್ವ ಲೆಕ್ಕ ಹಾಕಿದಳು. ಇವಳಿಗೆ ಕೇಳಿಸುತ್ತದೆ. ಮದುವೆಯಾದಂದಿನಿಂದ ಎಲ್ಲ ಕೇಳಿಸಿಕೊಂಡೇ ಕುಳಿತಿದ್ದಾಳೆ!

ರೈಸ್ ಮಿಲ್ಲಿನಿಂದ ಬಂದ ಮಗ ಮೈಲಾರಪ್ಪನಿಗೆ ಹೇಳಿದಳು. ಅವನು ಮೈಮೇಲಿನ ತೌಡು ಕೊಡವುತ್ತ, “ಕಿವಿ ಬಂದ್ರ ಚೊಲೋನ ಆತಲ್ಲಬೇ” ಎಂದ.

“ನಿನಗ ಚೊಲೋ. ನಾ ಏನೇನ ಅಂದೇನಿ ನಿನಗೇನ ಗೊತ್ತು?”

ಮರುದಿನ ಕೂಸಿಗೆ ನೀರೆರೆದವಳೇ ಕರೆವ್ವ ಅದನ್ನು ತೊಟ್ಟಿಲಿಗೆ ಹಾಕಲಿಲ್ಲ. ಚೀರುವ ಕೂಸನ್ನೆತ್ತಿಕೊಂಡು ಹಿತ್ತಲಲ್ಲಿ ಅಕ್ಕಿ ಕೇರುತ್ತಿದ್ದ ಸೊಸೆಯ ಬೆನ್ನ ಹಿಂದೆಯೇ ನಿಂತಳು. ಕೂಸು ಕಿರುಚಿ ಕೆಂಪಾಯಿತು. ಮಂಜವ್ವನ ಮೊರ ನಿಲ್ಲಲಿಲ್ಲ.

ನಾಟಕ ಎಂದುಕೊಂಡು ಕರೆವ್ವ ಒಳಗೆ ಹೋಗಿ ಕೂಸನ್ನು ತೊಟ್ಟಿಲಲ್ಲಿ ಹಾಕಿದಳು. ಅದು ಕಾಲು ಝಾಡಿಸಿತು. ತಿರುಗಿ ನೋಡುವಷ್ಟರಲ್ಲಿ ಬಾಗಿಲಲ್ಲಿ ಮಂಜವ್ವ.

ಆಗ ತೊಟ್ಟಿಲಿನಿಂದ ಅವಳತ್ತ ಹೋಗಿದ್ದ ಹಗ್ಗ ಕರೆವ್ವನ ಕಣ್ಣಿಗೆ ಬಿತ್ತು. ದಿನವೂ ಕಂಡದ್ದೇ. ಕೆಲಸ ಮಾಡುವ ಬಾಣಂತಿಯರು ತೊಟ್ಟಿಲ ಹಗ್ಗವನ್ನು ಕಾಲ್ಬೆರಳಿಗೆ ಕಟ್ಟಿಕೊಂಡು ತೂಗುವುದು ಎಲ್ಲ ಮನೆಯ ರೂಢಿ. ಇದು ಬೆರಳಿಗಿರಲಿಲ್ಲ, ಮಂಜವ್ವನ ಸೀರೆಯೊಳಗೆ ಹೋಗಿತ್ತು. ಕರೆವ್ವ ಜಗ್ಗಿದಳು. ಮಂಜವ್ವನ ಕೈ ಸೊಂಟಕ್ಕೆ ಹೋಯಿತು.

ಸೆರಗು ಸರಿಸಿ ಅವಳೇ ತೋರಿಸಿದಳು. ಹಳೆಯ ಧೋತರದ ಅಂಚಿನ ಪಟ್ಟಿ, ಒಳಗೆ ಸಾಲಾಗಿ ಹೊಲಿದ ಹುಣಸೆಬೀಜ. ತೊಟ್ಟಿಲು ಅಲುಗಿದರೆ ಪಟ್ಟಿ ಬಿಗಿಯುತ್ತದೆ, ಬೀಜ ಒತ್ತುತ್ತವೆ. ಮೊದಲು ಕಾಲ್ಬೆರಳಿಗೇ ಕಟ್ಟಿ ನೋಡಿದ್ದಳಂತೆ. ಬರಿಗಾಲಲ್ಲಿ ತಿರುಗಿ ಜಡ್ಡುಗಟ್ಟಿದ ಚರ್ಮಕ್ಕೆ ಏನೂ ತಿಳಿಯಲಿಲ್ಲ. ಮುಂಗೈಗೆ ಕಟ್ಟಿದರೆ ಮೊರದ ಕುಲುಕಿನಲ್ಲಿ ಕೂಸಿನ ಕುಲುಕು ಕಳೆದುಹೋಯಿತು. ಸೊಂಟ ಒಂದೇ ಅಲುಗದೆ ಇರುವ ಜಾಗ.

ತಾಯಿ ಕೂಸಿನ ಹತ್ತಿರ ಬಂದದ್ದನ್ನೇ ಕಳ್ಳತನವೆಂದು ಹಿಡಿಯಲು ಹೊರಟಿದ್ದ ಕರೆವ್ವನಿಗೆ ನಾಚಿಕೆಯಾಗಬೇಕಿತ್ತು. ಆದದ್ದು ನಿರಾಳ. “ಹಂಗಾರ ನಿನಗ ಏನೂ ಕೇಳಿಲ್ಲ” ಎಂದು ನಿಟ್ಟುಸಿರಿಟ್ಟಳು.

ಮಂಜವ್ವ ಅವಳ ತುಟಿಯನ್ನೇ ನೋಡುತ್ತಿದ್ದಳು. “ಕೇಳಂಗಿಲ್ಲ ಅತ್ತಿ. ನಿಮ್ಮ ಮಾರಿ ಕಾಣತೈತಿ.”

ಕೂಸು ಮಾಸೂರಿಗೆ ಹೋಗಲಿಲ್ಲ. ಕರೆವ್ವ ಬೈಯುವುದನ್ನೂ ಬಿಡಲಿಲ್ಲ. ಸಾಯುವವರೆಗೆ ಗೋಡೆಗೆ ಮುಖ ಮಾಡಿಕೊಂಡು ಬೈದಳು.