ಬೀರುವಿನೊಳಗಿನ ಆರು ಮಂದಿ

ವಕೀಲೆಯ ಕಚೇರಿಯಲ್ಲಿದ್ದದ್ದು ಮೂರು ಕುರ್ಚಿ, ಒಂದು ಮೇಜು, ಒಂದು ಕಬ್ಬಿಣದ ಬೀರು. ಇಪ್ಪತ್ತೆರಡು ವರ್ಷಗಳಿಂದ ಆಕೆ ವಾದಿಸಿದ್ದೆಲ್ಲ ಕೆಲಸಗಾರರ ಪರ. ಬಣ್ಣ ನೋಡಿ, ವಯಸ್ಸು ನೋಡಿ, ಹೊಟ್ಟೆ ನೋಡಿ ಹೊರದಬ್ಬಲ್ಪಟ್ಟವರ ಪರ. ಮಾಲೀಕರ ಕಡೆಯ ವಕೀಲರು ಬೆನ್ನ ಹಿಂದೆ ಆಕೆಯನ್ನು 'ಜಿಗಣೆ' ಅನ್ನುತ್ತಿದ್ದರು. ಹಿಡಿದರೆ ಬಿಡುವವಳಲ್ಲವೆಂದು. ಆ ಹೆಸರು ಆಕೆಗೆ ಒಳಗೊಳಗೇ ಇಷ್ಟವಾಗಿತ್ತು, ಪಾಪ.

ಬೀರುವಿನ ಕೆಳಗಿನ ಖಾನೆಯಲ್ಲಿ ಒಂದೇ ಔಷಧಿ ಕಾರ್ಖಾನೆಯ ಆರು ಫೈಲುಗಳಿದ್ದವು. ಅಲ್ಲಿ ಬಸುರಿಯರಿಗೆ ಯಾರೂ ಹೋಗು ಅನ್ನುತ್ತಿರಲಿಲ್ಲ, ಅಷ್ಟು ಮರ್ಯಾದಸ್ಥರು! ಬಾಟಲಿಯ ಲೇಬಲ್ ನೋಡುವ ಮೇಜಿನಿಂದ ಬಸುರಿಯಾದವಳ ಕುರ್ಚಿಯನ್ನಷ್ಟೇ ಎತ್ತಿಕೊಂಡು ಹೋಗುತ್ತಿದ್ದರು. ಎಂಟು ಗಂಟೆ ನಿಂತೂ ನಿಂತೂ ಕಾಲು ಬಾತು, ಅವಳೇ ರಾಜೀನಾಮೆ ಬರೆದುಕೊಡುತ್ತಿದ್ದಳು. ಆರೂ ಸಲ ಕಾರ್ಖಾನೆ ತೀರ್ಪಿಗೆ ಮುಂಚೆ ಹಣ ಕೊಟ್ಟು ರಾಜಿಗೆ ಬಂತು. ಆರೂ ರಾಜಿಪತ್ರಗಳ ಕೊನೆಗೆ ಒಂದೇ ಷರತ್ತು: ನಡೆದದ್ದನ್ನು ಅವಳೂ ಹೇಳಕೂಡದು, ಅವಳ ವಕೀಲೆಯೂ ಹೇಳಕೂಡದು. "ಸಹಿ ಹಾಕಮ್ಮ, ಮಗುವಿಗಾಗತ್ತೆ" ಎಂದು ವಕೀಲೆ ತಾನೇ ಪೆನ್ನು ಕೊಟ್ಟಿದ್ದಳು.

"ಗೆದ್ದೆ ಅಂತ ಬರ್ತೀಯ, ಮುಖ ನೋಡಿದ್ರೆ ಸೋತವಳ ಹಾಗಿರತ್ತೆ" ಎಂದು ಮನೆಯಲ್ಲಿ ಅಕ್ಕ ಗೊಣಗುತ್ತಿದ್ದಳು.

ಏಳನೆಯವಳು ರಾಜಿಗೆ ಒಪ್ಪಲಿಲ್ಲ. ಕೆಲಸಕ್ಕೆ ಹೊಸಬಳು; ನಿಂತು ನಿಂತೇ ಆರನೇ ತಿಂಗಳಲ್ಲಿ ಮಗುವನ್ನು ಕಳೆದುಕೊಂಡಿದ್ದಳು.

"ನಂಗೇನೂ ಬೇಡ ಮೇಡಂ. ತಪ್ಪು ಅವರದು ಅಂತ ಜಡ್ಜ್ ಬಾಯಲ್ಲಿ ಬಂದ್ರೆ ಸಾಕು. ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತಾರೆ ನಮ್ಮತ್ತೆ."

ಕುರ್ಚಿ ಎತ್ತಿದ್ದು ರಿಪೇರಿಗೆ ಎಂದಿತು ಕಾರ್ಖಾನೆ. ಒಬ್ಬಳ ಕುರ್ಚಿಯಾದರೆ ನಂಬಬಹುದು, ಏಳು ಬಸುರಿಯರ ಕುರ್ಚಿ ಕೆಡುತ್ತದೆಯೇ? ಅದನ್ನು ತೋರಿಸಿದರೆ ಕೇಸು ಗೆದ್ದಂತೆಯೇ. ವಕೀಲೆ ಮೊದಲನೆಯವಳನ್ನು ಹುಡುಕಿಕೊಂಡು ಹೋದಳು. ಅವಳು ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿದಳು: "ಬಾಯಿ ಬಿಟ್ರೆ ಕೊಟ್ಟಿದ್ದೆಲ್ಲ ವಾಪಸ್ ಕೊಡ್ಬೇಕು ಅಂತ ಓದಿ ಹೇಳಿದ್ದು ನೀವೇ ಅಲ್ವಾ ಮೇಡಂ?" ಉಳಿದ ಐವರು ಬಾಗಿಲನ್ನೇ ತೆರೆಯಲಿಲ್ಲ. ತಾನೊಬ್ಬಳು ಬಾಯಿ ಬಿಟ್ಟರೂ ಆರು ಮನೆಗಳು ಬೀದಿಗೆ ಬೀಳುತ್ತವೆಂದು ವಕೀಲೆಗೆ ಗೊತ್ತಿತ್ತು.

ಕೊನೆಯ ವಿಚಾರಣೆಯ ದಿನ ಎದುರು ವಕೀಲ ಎದ್ದು ನಿಂತ. ಆರೂ ರಾಜಿಪತ್ರಗಳನ್ನು ಬರೆದವನು ಅವನೇ.

"ಇಷ್ಟು ವರ್ಷದಲ್ಲಿ ನಮ್ಮ ಕಾರ್ಖಾನೆ ವಿರುದ್ಧ ಇಂಥ ಒಂದೇ ಒಂದು ತೀರ್ಪು ಬಂದಿಲ್ಲ ಸ್ವಾಮಿ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಅನ್ಯಾಯ. ನ್ಯಾಯಾಧೀಶರು ವಕೀಲೆಯ ಕಡೆ ತಿರುಗಿದರು.

"ಇದಕ್ಕೆ ನೀವೇನಾದ್ರೂ ಹೇಳೋದಿದೆಯಾ?"

ಜಿಗಣೆ "ಇಲ್ಲ" ಅಂದಳು.

ಕೇಸು ವಜಾ ಆಯಿತು. ಕಚೇರಿಗೆ ಬಂದು ಏಳನೆಯವಳು ಒಂದು ಕುರ್ಚಿ ಎಳೆದುಕೊಂಡು ಕೂತಳು. ಅತ್ತು ರಂಪ ಮಾಡಿದ್ದರೆ ವಕೀಲೆಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

"ನನಗಿಂತ ಮುಂಚೆ ಅಲ್ಲಿ ಯಾರಿಗೂ ಹೀಗಾಗಿಲ್ವಾ ಮೇಡಂ? ನಾನೊಬ್ಬಳೇನಾ?"

ಬೀರು ಅವಳ ಬೆನ್ನಿಗೇ ಇತ್ತು. ಬೀಗದ ಕೈ ವಕೀಲೆಯ ಮುಷ್ಟಿಯಲ್ಲಿತ್ತು.

"ಹಾಗಾದ್ರೆ ಅತ್ತೆ ಹೇಳಿದ್ದೇ ನಿಜ ಇರಬೇಕು" ಎಂದು ಅವಳು ಎದ್ದಳು. ಕೂತಿದ್ದ ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಸರಿಸಿಟ್ಟು ಹೊರಟುಹೋದಳು.