ಅತ್ತೆ ಒಲ್ಲೆನೆಂದ ವಿನಾಯಿತಿ

ಶಹಾಪುರದ ಬಸ್‌ಸ್ಟ್ಯಾಂಡಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಕಟ್ಟಡವಿದೆ. ನಮ್ಮದು ಎಂದರೆ ನನ್ನ ಅತ್ತೆಯದು. ಕೆಳಗೆ ಮೂರು ಅಂಗಡಿ: ಟೇಲರ್ ಚಾಚಾನದು, ಝೆರಾಕ್ಸಿನದು, ಹಾಲು-ಐಸ್‌ಕ್ರೀಮಿನದು. ಮೇಲೆ ಕಣ್ಣಿನ ದವಾಖಾನೆ. ಹಿಂದುಗಡೆ ನಮ್ಮ ಮನೆ. ಮೆಟ್ಟಿಲ ಬುಡದಲ್ಲಿ ಅತ್ತೆಯ ಕುರ್ಚಿ. ಬೆಳಿಗ್ಗೆ ರೊಟ್ಟಿ ತಿಂದು ಆಕೆ ಅಲ್ಲಿ ಕೂತರೆಂದರೆ, ಸುರಪುರದಿಂದ ಬಂದವರಿರಲಿ, ಶಿರವಾಳದಿಂದ ಬಂದವರಿರಲಿ, ಊರು ಯಾವುದು, ಯಾವ ಕಣ್ಣು ಎಂದು ಹೇಳದೆ ಮೇಲೆ ಹತ್ತುವಂತಿಲ್ಲ. ಡಾಕ್ಟರು ಆಮೇಲೆ ನೋಡುವುದನ್ನು ಆಕೆ ಮೊದಲೇ ವಿಚಾರಿಸಿರುತ್ತಿದ್ದರು.

ಹೀಗೆ ಊರವರ ಕಣ್ಣು ವಿಚಾರಿಸುವವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಂದವರನ್ನು ದನಿಯಿಂದ ಗುರುತಿಸುತ್ತಿದ್ದರು. ಸಕ್ಕರೆ ಕಾಯಿಲೆ ಹತೋಟಿಗೆ ಬಂದರೆ ಆಪರೇಷನ್ ಮಾಡುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದರೆ ಆಕೆಯದು ಒಂದೇ ಮಾತು: "ನನ್ನ ಮನಿ ಮ್ಯಾಲ ದವಾಖಾನಿ ಇಟಗೊಂಡು ಊರೂರು ತಿರಗ್ಲೇನು?" ಆಕೆಯ ಹಟ ನನಗೆ ಚೆನ್ನಾಗಿ ಗೊತ್ತು. ಅದರೊಂದಿಗೇ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.

ಅಂಥದರಲ್ಲಿ ಒಂದು ದಿನ ದವಾಖಾನೆಯ ಮ್ಯಾನೇಜರ್ ಕೆಳಗೆ ಬಂದರು. ದವಾಖಾನೆ ನಡೆಸುವ ಸಂಸ್ಥೆ ತಾನು ಬಾಡಿಗೆಗಿರುವ ಕಟ್ಟಡಗಳೆಲ್ಲ ಎಷ್ಟು ಕರೆಂಟು ಸುಡುತ್ತವೆ ಎಂದು ಕೇಳುತ್ತಿದೆಯಂತೆ. ದವಾಖಾನೆಯದಷ್ಟೇ ಅಲ್ಲ, ಇಡೀ ಕಟ್ಟಡದ ಲೆಕ್ಕವನ್ನು ಮಾಲೀಕರೇ ಕೊಡಬೇಕಂತೆ. ಬಾಡಿಗೆ, ನೀರು, ಕರೆಂಟಿನ ತಲೆನೋವೆಲ್ಲ ನನ್ನ ಪಾಲಿನದು. ಇದೊಂದು ಬೇರೆ ಬಂತಲ್ಲ ಎಂದು ಸಿಡಿಮಿಡಿಗೊಂಡೆ. ವಿಚಾರಿಸಿದಾಗ ಸಮಾಧಾನವಾಯಿತು. ಸರ್ಕಾರದ ಕಾಯಿದೆ ಇರುವುದು ದೊಡ್ಡ ಲೋಡಿನ ಕಟ್ಟಡಗಳಿಗೆ. ನಮ್ಮಂಥ ಸಣ್ಣ ಕಟ್ಟಡದವರು ವಿನಾಯಿತಿ ಕೇಳಿ ಒಂದು ಸಹಿ ಹಾಕಿದರೆ ಸಂಸ್ಥೆಯೂ ಒಪ್ಪುತ್ತದೆ. ಪೀಡೆ ತೊಲಗಿತು ಎಂದು ಅತ್ತೆಗೆ ಹೇಳಿದೆ.

ಆಕೆಯ ಮುಖ ಗಂಟಾಯಿತು. "ಅಂದ್ರ ನಮ್ಮನ್ನ ಲೆಕ್ಕಕ್ಕೇ ಹಿಡೀಲಿಲ್ಲ ಅಂದಂಗಾತು."

"ಹಂಗಲ್ರಿ ಅತ್ತಿ, ನಮಗ ತ್ರಾಸ ಬ್ಯಾಡಂತ ಬಿಟ್ಟಾರ."

"ಲಗ್ನಕ್ಕ ಕರೀದವ್ರೂ ಹಂಗೇ ಅಂತಾರ. ನಿಮಗ್ಯಾಕ ತ್ರಾಸ ಅಂತ ಕರೀಲಿಲ್ರಿ ಅಂತಾರ."

ನಮ್ಮ ಕಡೆ ಎಲೆ ಅಡಿಕೆ ಕೊಟ್ಟು ಕರೆಯದಿದ್ದರೆ ಸ್ವಂತ ಅಣ್ಣನ ಮಗಳ ಮದುವೆಗೂ ಹೋಗುವುದಿಲ್ಲ. ಕರೆಯದೆ ಬಿಟ್ಟವರ ಮೇಲಿನ ಸಿಟ್ಟು ಮೊಮ್ಮಕ್ಕಳ ಕಾಲಕ್ಕೂ ಆರುವುದಿಲ್ಲ. ವಿನಾಯಿತಿಯನ್ನೂ ಅತ್ತೆ ಅದೇ ಸಾಲಿಗೆ ಸೇರಿಸಿದ್ದರು. ನನಗೆ ನಗು ತಡೆಯಲಾಗಲಿಲ್ಲ.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಸಹಿ ಹಾಕಲು ಹೋದಾಗ ಮ್ಯಾನೇಜರ್ ಸಂಕೋಚದಿಂದಲೇ ಹೇಳಿದರು: "ಅಕ್ಕಾರ, ಸಹಿ ಮಾಡಿದ್ರ ತಪ್ಪೇನಿಲ್ರಿ. ಆದ್ರ ದವಾಖಾನಿ ಎಲ್ಲಿ ಇಡಬೇಕು ಅಂತ ಗೊತ್ತು ಮಾಡೂವಾಗ ಮ್ಯಾಲಿನವ್ರು ಲೆಕ್ಕ ತೋರಿಸಿದವ್ರನ್ನೇ ಮೊದಲ ನೋಡತಾರ. ಯಾದಗಿರಿಯಾಗ ಒಂದು ಹೊಸಾ ಬಿಲ್ಡಿಂಗ್ ಅದ, ಅವರು ಆಗಲೇ ತೋರಿಸ್ಯಾರ." ದವಾಖಾನೆ ಯಾದಗಿರಿಗೆ ಹೋದರೆ ಅತ್ತೆಯ ಕಣ್ಣಿನ ಕಥೆ ಮುಗಿದಂತೆಯೇ. ಸಹಿ ಹಾಕದೆ ಇಳಿದು ಬಂದೆ. ಅತ್ತೆಯ ಹಟವೇ ಸರಿಯಾಯಿತು ಎಂಬುದು ಅವರಿಗೆ ತಿಳಿಯದಿರಲಿ ಎಂದು ನೋಡಿದೆ. ತಿಳಿದೇಬಿಟ್ಟಿತು.

ಅಂಗಡಿಗಳಿಗೆ ಬೇರೆ ಬೇರೆ ಮೀಟರು. ಹಾಗಾಗಿ ಎಲ್ಲರ ಬಿಲ್ಲೂ ಬೇಕಿತ್ತು. ಕೇಳಲು ಹೋದೆ. ಝೆರಾಕ್ಸಿನವರು ನಾಳೆ ನೋಡೋಣ ಎಂದರು. "ಬಿಲ್ ನೋಡಿ ಧಂದಾ ಹೆಂಗದ ಅಂತ ಮಂದಿ ಅಳೀತಾರ, ಬೇಟಿ," ಎಂದು ಚಾಚಾ ಕತ್ತರಿ ಎತ್ತಿಕೊಂಡರು. ಹಾಲಿನಂಗಡಿಯವರಂತೂ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದರು. ಹಬ್ಬಕ್ಕೆ ನಮ್ಮ ಮನೆಯ ಹೋಳಿಗೆ ತಿನ್ನುವ ಮನುಷ್ಯ! ಮೈಯೆಲ್ಲ ಉರಿದುಹೋಯಿತು.

ಮರುದಿನ ಅತ್ತೆ ಇಳಕಲ್ ಸೀರೆ ಉಟ್ಟು, ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ನನ್ನ ಭುಜ ಹಿಡಿದು ಹೊರಟರು. ಒಂದೊಂದು ಅಂಗಡಿಯ ಮುಂದೂ ನಿಂತು, "ನಮ್ಮ ಮನಿ ಕಾರ್ಯ ಅದ. ತಪ್ಪಿಸಬ್ಯಾಡ್ರಿ," ಎಂದರು. ನಾಚಿಕೆಯಿಂದ ನಾನು ನೆಲ ನೋಡುತ್ತ ನಿಂತಿದ್ದೆ. ಚಾಚಾ ಎದ್ದು ನಿಂತು ಎರಡೂ ಕೈಯಿಂದ ಎಲೆ ತೆಗೆದುಕೊಂಡರು. ಅಲ್ಲೇ ಬಾಯಿಗೆ ಹಾಕಿಕೊಂಡು, ಹೊಲಿಗೆ ಮಷಿನ್ನಿನ ಡ್ರಾಯರ್ ಎಳೆದು ಬಿಲ್ಲು ಕೊಟ್ಟರು. ಝೆರಾಕ್ಸಿನವರು ಅಲ್ಲೇ ಪ್ರತಿ ತೆಗೆದು ಕೊಟ್ಟರು.

ಹಾಲಿನಂಗಡಿಯವರು ಎಲೆ ಹಿಡಿದು ತಲೆ ತಗ್ಗಿಸಿ ನಿಂತರು. "ಅವ್ವಾರ, ಬಿಲ್ ಕೊಡ್ತೀನ್ರಿ. ಆದ್ರ ಅದರಾಗ ನನ್ನ ಕರೆಂಟ್ ಅಷ್ಟೇ ಇಲ್ರಿ."

ಹೊರಗೆ ಬಂದು ಮೆಟ್ಟಿಲ ಗೋಡೆ ತೋರಿಸಿದರು. ಅತ್ತೆಯ ಕುರ್ಚಿಯ ಮೇಲಿಂದ ಒಂದು ಕಪ್ಪು ವೈರು ಗೋಡೆಗುಂಟ ದವಾಖಾನೆಯ ಕಿಟಕಿಗೆ ಹೋಗಿತ್ತು. ಹಿಂದೊಂದು ಬೇಸಿಗೆಯಲ್ಲಿ ಮೇಲಿನ ಲೈನು ಕೆಟ್ಟಾಗ, ಔಷಧಿ ಇಡುವ ಫ್ರಿಜ್ಜಿಗೆ ತಮ್ಮ ಅಂಗಡಿಯಿಂದ ಕರೆಂಟು ಕೊಟ್ಟಿದ್ದರು. ಕೇಳಿಕೊಂಡು ಬಂದಿದ್ದ ದವಾಖಾನೆಯ ಕಾಂಪೌಂಡರ್ ಕೆಲಸ ಬಿಟ್ಟು ಹೋದ. ಫ್ರಿಜ್ಜು ಮಾತ್ರ ಇವರ ಮೀಟರಿನಲ್ಲೇ ಉಳಿಯಿತು.

"ಯಾಕ ಹೇಳಲಿಲ್ಲ?" ಎಂದೆ.

"ಕಣ್ಣಿನ ಔಷಧಿ ಅಲ್ಲೇನ್ರಿ ಅಕ್ಕಾರ? ಹೇಳಿದ್ರ ವೈರ್ ಕಿತ್ತ ಹಾಕತಾರ, ಮ್ಯಾಲಿನ ಲೈನ್ ಮತ್ತ ಕೈ ಕೊಟ್ರ ಔಷಧಿ ಕೆಡತಾವ. ಈಗ ಬಿಲ್ ತೋರಿಸಿದ್ರ, ಮಾಡಿದ್ದಕ್ಕ ಲೆಕ್ಕ ಕೇಳಿದಂಗಾಗತದ."

ಪಾತ್ರೆ ತೊಳೆಯಲು ಒಳಗೆ ಹೋದದ್ದು ಇದಕ್ಕೆ. ನನ್ನ ಸಿಟ್ಟನ್ನು ಎಲ್ಲಿ ಬಚ್ಚಿಡಲಿ ಎನಿಸಿತು. ಆ ಮನುಷ್ಯನಿಗೆ ಕೈ ಮುಗಿಯಬೇಕೆನಿಸಿ ಅಲ್ಲೇ ಕೈ ಮುಗಿದೆ. ಅವರು ಇನ್ನಷ್ಟು ಗಾಬರಿಯಾದರು.

ಇದ್ದದ್ದನ್ನು ಇದ್ದ ಹಾಗೆ ತೋರಿಸಿದೆವು. ಫ್ರಿಜ್ಜಿಗೆ ಮೇಲೆಯೇ ಬೇರೆ ಲೈನು, ಬ್ಯಾಟರಿ ಬಂದವು. ವೈರು ಇಳಿಯಿತು. ಸಂಸ್ಥೆಯ ಎಂಜಿನಿಯರ್ ಬಂದು, ಮಾಳಿಗೆಯ ತಾರಸಿ ಕಾದ ಹಂಚಿನಂತಿದೆ, ಎಸಿ ಅದಕ್ಕೇ ಹೆಚ್ಚು ಕರೆಂಟು ತಿನ್ನುತ್ತಿದೆ, ಬಿಳಿ ಸುಣ್ಣ ಬಳಿಯಿರಿ ಎಂದರು. ಅಂಗಡಿ ರಜೆಯ ದಿನ ಮೂವರೂ ಸುಣ್ಣದ ಬಕೆಟ್ಟು ಹೊತ್ತು ಮೇಲೆ ಹತ್ತಿದರು. ನಾನು ಯಾರನ್ನೂ ಕರೆದಿರಲಿಲ್ಲ. ಚಾಚಾನ ಗಡ್ಡಕ್ಕೂ ಮಾಳಿಗೆಗೂ ಒಂದೇ ಬಣ್ಣ ಬಂತು. ಕೆಲವು ವಾರಗಳ ನಂತರ ಮ್ಯಾನೇಜರ್ ಪೇಢೆಯ ಡಬ್ಬಿ ಹಿಡಿದು ಬಂದರು. ದವಾಖಾನೆ ಇಲ್ಲೇ ಉಳಿಯುತ್ತದೆ ಎಂದರು. ಆ ಮೂವರ ಋಣ ನಾನು ಹೇಗೆ ತೀರಿಸಲಿ? ತೀರಿಸುವಂಥದ್ದೂ ಅಲ್ಲ ಅದು.

ಅತ್ತೆ ಬಾಯಿ ಕಟ್ಟಿ ಸಕ್ಕರೆ ಇಳಿಸಿಕೊಂಡರು. ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ, ನಾನು ಹಿಡಿಯಲು ಹೋದರೆ ಕೈ ಕೊಸರಿಕೊಂಡು ತಾವೇ ಮೆಟ್ಟಿಲಿಳಿದರು. ಕುರ್ಚಿಯ ಹತ್ತಿರ ಬಂದವರು ಕೂರದೆ ಗೋಡೆ ನೋಡುತ್ತ ನಿಂತರು.

"ಇವೇನು ಮೊಳಿ?"

"ಹಾಲಿನಂಗಡಿಯವ್ರ ವೈರ್ ಇತ್ತಲ್ರಿ ಅತ್ತಿ, ಅದರವು."

ಕೈಗೆ ಎಟುಕುವಷ್ಟು ಮೊಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ನನ್ನ ತಲಿ ಮ್ಯಾಲೇ ಇತ್ತು. ನನಗ ಕಾಣ್ತಿದ್ದಿಲ್ಲ, ಖರೆ ಅದ." ಆಮೇಲೆ ಆ ಹೊಸ ಕಣ್ಣನ್ನು ನನ್ನತ್ತ ತಿರುಗಿಸಿದರು. "ನಿನ್ನ ಕಣ್ಣಿಗೇನಾಗಿತ್ತು?"

ಆ ಮೆಟ್ಟಿಲನ್ನು ದಿನವೂ ಹತ್ತಿಳಿಯುವವಳು ನಾನು.