ಗ್ಯಾಸಿಗೆ ಅಂಜುತ್ತಿದ್ದ ಕಾಕಾ

ಕಾಕಾರ ಬಲಗೈಯ ಎರಡು ಬೆರಳ ತುದಿ ಸುಣ್ಣ ಹಚ್ಚಿದಂತೆ ಬೆಳ್ಳಗಿದ್ದವು. ಕಾರಿನ ಏಸಿಗೆ ತುಂಬುವ ಗ್ಯಾಸು ಯಾವಾಗಲೋ ಚಿಮ್ಮಿ, ಅದರ ಕೊರೆಯುವ ತಂಪಿಗೆ ಅಲ್ಲಿಯ ಚರ್ಮ ಸತ್ತುಹೋಗಿತ್ತಂತೆ. ವಾಡಿ ಊರಿನ ಹೊರಗೆ, ಕಲಬುರಗಿ ರಸ್ತೆಯಲ್ಲಿ ಅವರ ತಗಡಿನ ಅಂಗಡಿ; ಕಾರಿನ ಏಸಿ ರಿಪೇರಿ ಮಾಡುತ್ತಿದ್ದ ಅವರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ಸಿಲಿಂಡರಿಗೆ ಸದಾ ಒದ್ದೆ ಗೋಣಿಚೀಲ ಹೊದಿಸಿರುತ್ತಿದ್ದರು. ಹತ್ತಿರದಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಕೆಲಸ ಬಿಟ್ಟು ಎದ್ದು ನಿಲ್ಲುವರು.

“ನನಗ ಅಂಜಿಕಿ ಬರ್ತದರಿ, ಆ ಕಡಿ ಹೋಗ್ರಿ.”

ಲಾರಿ ಡ್ರೈವರುಗಳು ನಗುತ್ತಿದ್ದರು. ಕಾಕಾ ತಾವೂ ನಗುತ್ತಿದ್ದರು. ಆದರೆ ಬೀಡಿ ಆರುವವರೆಗೆ ನಟ್ಟು ಬಿಚ್ಚುವ ಪಾನಾ ಮುಟ್ಟುತ್ತಿರಲಿಲ್ಲ.

ಅವ್ವನ ಕಿಡ್ನಿ ಕೆಟ್ಟ ಮೇಲೆ ಡಯಾಲಿಸಿಸ್‌ಗೆ ಕಲಬುರಗಿಗೆ ಓಡಾಡಲೆಂದು ಯಾರೋ ಬಳಸಿದ ಹಳೆಯ ಕಾರು ಕೊಂಡಿದ್ದೆ. ಬಿಸಿಲು ಏರಿದಂತೆ ಅದರ ಏಸಿ ತಣ್ಣಗೆ ಬೀಸುವುದನ್ನು ನಿಲ್ಲಿಸಿತು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಮರಳುವಾಗ ಗ್ಯಾಸು ತುಂಬಿಸಲು ಕಾಕಾರ ಅಂಗಡಿಯ ಮುಂದೆ ನಿಲ್ಲಿಸಿದೆ. ಅವ್ವ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಸಿಮೆಂಟ್ ಲಾರಿಗಳ ಧೂಳು ಬಡಿಯದಿರಲೆಂದು ಗಾಜು ಏರಿಸಿ, ಇಂಜಿನ್ ಬಂದ್ ಮಾಡಿ ಇಳಿದೆ.

ಕಾಕಾ ಬಾನೆಟ್ ಎತ್ತಿ, ಏಸಿಯ ಪೈಪಿನಿಂದ ಉಳಿದ ಗ್ಯಾಸನ್ನು ಚೂರೇ ಬಿಟ್ಟು ಮೂಸಿದರು. ತಟ್ಟನೆ ಮುಚ್ಚಿದರು.

“ಇದು ಏಸಿ ಗ್ಯಾಸಲ್ಲ ತಂಗಿ. ಮೊದಲಿನ ಮಾಲಕ ಅಡಗಿ ಗ್ಯಾಸ್ ತುಂಬಿಸ್ಯಾನ.”

ಬಾಗಿಲ ಸಂದಿಗೆ ಮೂಗು ಹಚ್ಚಿದರು. ನಾನೂ ಹಚ್ಚಿದೆ. ಅಡಿಗೆಮನೆಯಲ್ಲಿ ಒಲೆಯ ಪೈಪು ಸೋರಿದಾಗ ಬರುವ ಅದೇ ನಾತ. ಏಸಿಯ ಪೈಪು ಕಾರಿನೊಳಗೇ ಸೋರಿ, ಗ್ಯಾಸು ಅವ್ವ ಮಲಗಿದ್ದಲ್ಲೇ ತುಂಬುತ್ತಿತ್ತು.

ಬಾಗಿಲು ಎಳೆಯಹೋದೆ. ಕಾಕಾ ನನ್ನ ಮುಂಗೈ ಹಿಡಿದರು.

“ಬ್ಯಾಡ. ಬಾಗಲಾ ತೆಗದ್ರ ಒಳಗ ಲೈಟ್ ಹತ್ತತದ. ಒಂದು ಕಿಡಿ ಸಾಕು. ಬ್ಯಾಟರಿ ವೈರ್ ಬಿಚ್ಚತೀನಿ, ತಡಿ.”

ನಾನು ಇಳಿಯುವಾಗಲೂ ಆ ಲೈಟು ಹತ್ತಿತ್ತೆಂದು ನೆನಪಾಯಿತು. ಅಷ್ಟರಲ್ಲಿ ಸೆಕೆಗೆ ಅವ್ವ ಎಚ್ಚರಗೊಂಡಳು. ಅವಳ ಕೈ ಬಾಗಿಲ ಹಿಡಿಕೆಗೆ ಹೋಯಿತು.

“ಬ್ಯಾಡವ್ವಾ, ತೆಗೀಬ್ಯಾಡ!”

ಅವಳಿಗೆ ಕೇಳಿಸಲಿಲ್ಲ. ನಾನು ಕರೆಯುತ್ತಿದ್ದೇನೆಂದು ತಿಳಿದು ಇನ್ನಷ್ಟು ಜೋರಾಗಿ ತಳ್ಳತೊಡಗಿದಳು. ಬಾಗಿಲಿಗೆ ಮೈಯೆಲ್ಲ ಕೊಟ್ಟು ಒತ್ತಿ ನಿಂತೆ. ಗಾಜಿನಾಚೆ ಅವಳ ಮುಖ ಗಾಬರಿಯಿಂದ ನನ್ನನ್ನೇ ನೋಡುತ್ತಿತ್ತು. ಹೆತ್ತ ಮಗಳೇ ತನ್ನನ್ನು ಒಳಗೆ ಕೂಡಿಹಾಕುತ್ತಿದ್ದಾಳೆ ಎಂಬಂತೆ. ಕಾಕಾರ ಪಾನಾ ನಟ್ಟಿನಿಂದ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು.

“ವೈರ್ ಬಂತು, ತೆಗಿ.”

ಇಬ್ಬರೂ ಹಿಡಿದು ಅವ್ವನನ್ನು ರಸ್ತೆಯಾಚೆಗಿನ ಬೇವಿನ ಮರದ ಕೆಳಗೆ ಕೂರಿಸಿದೆವು. ಕಾಕಾ ಅವಳ ಪಕ್ಕ ನೆಲದ ಮೇಲೇ ಕುಸಿದರು. ಅವರ ಮೈ ನಡುಗುತ್ತಿತ್ತು.

“ಯಾಕೋ ತಮ್ಮಾ, ಹಿಂಗ್ಯಾಕ ನಡಗಾಕತ್ತಿ?” ಅವ್ವ ಕೇಳಿದಳು.

“ಅಂಜಿನ್ರಿ ಅಕ್ಕಾ. ಭಾಳ ಅಂಜಿನಿ.”

ಅವ್ವ ಅವರ ಬೆನ್ನ ಮೇಲೆ ಕೈಯಿಟ್ಟಳು. “ದವಾಖಾನ್ಯಾಗ ಮಷಿನಿಗೆ ಹಚ್ಚೂಮುಂದ ನಾನೂ ಹಿಂಗೇ ನಡಗತೀನಿ. ಇಕಿಗೆ ಹೇಳಿಲ್ಲ.”

“ಹೇಳ್ರಿ ಅಕ್ಕಾ. ನಾ ಎಲ್ಲಾರಿಗೂ ಹೇಳತೀನಲ್ಲ. ನಗವ್ರು ನಗಲಿ.”

ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಸಂಜೆವರೆಗೆ ಯಾರನ್ನೂ ಅದರ ಹತ್ತಿರ ಬಿಡಲಿಲ್ಲ ಕಾಕಾ. ಸೋರುವ ಭಾಗ ಬದಲಿಸಿ ಸರಿಯಾದ ಗ್ಯಾಸು ತುಂಬಿದ್ದು ಆಮೇಲೆ. ಅದುವರೆಗೆ ಆಸ್ಪತ್ರೆಯಲ್ಲಿ ನನ್ನನ್ನು ಹೊರಗೇ ಕೂರಿಸುತ್ತಿದ್ದ ಅವ್ವ, ಮುಂದಿನ ಸಲ ಸೂಜಿ ಚುಚ್ಚುವ ಮೊದಲು ಒಳಗೆ ಕರೆದಳು.

ಹೋದ ಚಳಿಗಾಲ ಕಾಕಾ ಎದೆನೋವಿನಿಂದ ತೀರಿಕೊಂಡರು. ಅವ್ವ ಹಟ ಹಿಡಿದು ಅವರನ್ನು ಮಣ್ಣು ಮಾಡುವಲ್ಲಿಗೆ ಬಂದಳು. ತಾನಾಗಿ ನಿಲ್ಲಲಾರದವಳು, ಎಲ್ಲರೂ ಹೊರಟುಹೋಗುವವರೆಗೂ ನನ್ನ ಭುಜ ಹಿಡಿದು ನಿಂತೇ ಇದ್ದಳು.